ಕಾರ್ಡಿನ ಮೈಮೇಲೆ ಬರೋದು

ಹಲೋ... ಹಲೋ... ಯಾರು ಮಾತಾಡ್ತಿರೋದು? ಪಿಚಿತ್ ಪೇಟೆಯ ಕಂಪ್ಯೂಟರ್ ಅಂಗಡಿ ತಾನೆ ಇದು?...

...ಯಾರು? ಕೊಪ್? ಕೊಪ್ ಅಂದ್ರೆ ಕಪ್ಪೆ ಅಲ್ವಾ, ಹಾಗಂತಾನೇ ಹೆಸರಿಟ್ಟಿದಾರಾ ನಿಮ್ಮಮ್ಮ?... ಅಯ್ಯೋ, ಬೇಜಾರು ಮಾಡ್ಕೋಬೇಡಪ್ಪ, ನಮ್ಮನೇಲೂ ಒಂದು ಹಂದಿ, ಒಂದು ಸಿಗಡಿ ಇದಾವೆ, ಎರಡೂ ನನ್ನ ತಂಗಿ ಮಕ್ಕಳೇ. ನಾನು ಬುವಾಲೊಯ್ ಕಣಪ್ಪ. ಕಾಲುವೆ ಪಕ್ಕದ ಮನೆ. ಒಡೆಯರು ಮೈಮೇಲೆ ಬರ್ತಾರಲ್ಲ, ಆ ಬುವಾಲೊಯ್...

...ಹಾಂ, ಹಾಂ, ಗೊತ್ತಾಯ್ತಲ್ಲ? ಹೋದ ವಾರ ನೀನೇ ಬಂದು, ನಿನ್ನ ಫೋನಿನ ನೆಟ್ ಕೊಟ್ಟು ಕಂಪ್ಯೂಟರಲ್ಲಿ ನಮ್ಮ ಲೈವ್ ಪುಟ ಮಾಡಿಕೊಟ್ಟು ಹೋದೆ... ಮತ್ತೆ ದೊಡ್ಡಮ್ಮ ಅಂತೀಯಲ್ಲೋ! ಅಕ್ಕ ಅನ್ನು ಸಾಕು. ಒಡೆಯರಿಗೆ ನಾನೂರು ವರ್ಷ ಆಗಿರಬಹುದು, ನನಗೇನು ಆಗಿಲ್ಲ...

...ಏನಾಗಿದೆ ಅಂದ್ರೆ, ನೀವು ಕೊಟ್ಟ ಆ ತಂತಿ ಇಲ್ಲದ ಕಾರ್ಡು ಇದೆಯಲ್ಲ, ವೈಫೈದು, ಅದನ್ನ ಬೆಳಿಗ್ಗೆ ಸಿಪಿಯು ಡಬ್ಬದೊಳಗೆ ಕೂರಿಸಿದ್ವಿ. ಕಂಪ್ಯೂಟರ್ ಅದರ ಕಡೆ ತಿರುಗೀನೂ ನೋಡ್ತಿಲ್ಲ. ಅತ್ತೆಮನೆಗೆ ಬಂದ ಹೊಸ ಸೊಸೆ ಥರ ಮೂಲೇಲಿ ಕೂತಿದೆ. ದೀಪಾನೂ ಇಲ್ಲ, ಮಾತೂ ಇಲ್ಲ...

...ತಂತೀನೇ ಯಾಕೆ ಎಳೀಲಿಲ್ಲ ಅಂದ್ರೆ? ಎಲ್ಲಿ ಎಳೆಯೋದು ನೀನೇ ಹೇಳು. ರೂಟರ್ ಇರೋದು ಹೊರಗಡೆ ಕೋಣೇಲಿ, ಕಂಪ್ಯೂಟರ್ ಇರೋದು ಒಡೆಯರ ಕೋಣೇಲಿ. ಮೇಲಿಂದ ತಂದ್ರೆ ತಂತಿ ಒಡೆಯರ ವಿಗ್ರಹದ ತಲೆ ಮೇಲೆ ಹಾಯುತ್ತೆ. ನೆಲದ ಮೇಲೆ ತಂದ್ರೆ ಬಂದೋರೆಲ್ಲ ದಾಟ್ಕೊಂಡು ಓಡಾಡ್ತಾರೆ. ಒಡೆಯರ ಮಾತು ಹೋಗೋ ತಂತೀನ ಕಾಲಲ್ಲಿ ದಾಟೋದಾ?... ಹೂಂ ಮತ್ತೆ! ಗಾಳೀಲಿ ಬರೋದು ಹಾಕ್ಕೊಳ್ಳಿ ಅಂತ ನಿಮ್ಮ ಯಜಮಾನ್ರೇ ಅಂದ್ರು. ನಂಗೂ ಸರಿ ಅನ್ನಿಸ್ತು. ನಮ್ಮ ಒಡೆಯರೂ ಗಾಳೀಲೇ ಬರೋದು ಅಲ್ವಾ...

...ಮಧ್ಯಾಹ್ನ ಬರ್ತೀಯಾ? ಮಧ್ಯಾಹ್ನ ಬಂದು ಏನು ಮಾಡ್ತೀಯಾ, ಊಟ ಮಾಡ್ಕೊಂಡು ಹೋಗ್ತೀಯಾ? ನಾಳೆ ಲಾಟರಿ ಕಣೋ! ಇವತ್ತು ಒಂಬತ್ತರ ಮುಹೂರ್ತಕ್ಕೆ ಒಡೆಯರು ಪರದೆ ಮೇಲೆ ಕಾಣಿಸ್ಕೊಂಡು ನಂಬರಿನ ಸುಳಿವು ಕೊಡ್ತಾರೆ ಅಂತ ಊರಿಗೆಲ್ಲ ಹೇಳಿಬಿಟ್ಟಿದೀನಿ. ಹೊರಗೆ ಜಗಲಿ ಮೇಲೆ ಜನ ಕೂತಿದಾರೆ. ಬ್ಯಾಂಕಾಕಲ್ಲಿ, ಕೊರಿಯಾದಲ್ಲಿ ಕೆಲಸ ಮಾಡೋರೆಲ್ಲ ಫೋನ್ ಹಿಡ್ಕೊಂಡು ಕಾಯ್ತಿದಾರೆ. ಆ ದಡದ ಲಮ್ಯಾಯ್ ಗೊತ್ತಲ್ಲ? ಅವಳೂ ಮೈಮೇಲೆ ಬರಿಸ್ಕೊಳ್ಳೋಳೇ. ಅದೇನೋ ಯಾರೋ ರಾಣಿಯಂತೆ. ರಾಣಿ ಬಂದಿರುವಾಗಲೇ ಇವಳು ತುಟಿಗೆ ಬಣ್ಣ ಹಚ್ಕೋತಾಳೆ. ಅವಳು ಲೈವಲ್ಲಿ ಕೂರೋಕೆ ಶುರು ಮಾಡಿದ್ಮೇಲೆ ನಮ್ಮ ಜನ ಅರ್ಧಕ್ಕರ್ಧ ಅವಳ ಕಡೆ ಹೋದ್ರು. ಇವತ್ತು ನಾನು ಕಾಣಿಸ್ದೇ ಹೋದ್ರೆ ಉಳಿದ ಅರ್ಧಾನೂ ಹೋಯ್ತು. ಆಮೇಲೆ ನಾನೂ ಒಡೆಯರೂ ಎದುರುಬದುರು ಕೂತು ಮುಖ ಮುಖ ನೋಡ್ಕೋಬೇಕು ಅಷ್ಟೇ...

...ಸರಿ, ಸರಿ, ಫೋನಲ್ಲೇ ಹೇಳು. ನಂಗೆ ಎರಡು ಕೈಯೂ ಖಾಲಿ ಇದೆ. ಫೋನು ಸೊಂಟದಲ್ಲಿ ಸಿಕ್ಕಿಸಿದೀನಿ, ಕಿವಿಗೆ ಆ ಪುಟ್ಟ ಇಯರ್‌ಫೋನ್ ಇಟ್ಕೊಂಡು ಮೇಲೆ ಮುಂಡಾಸು ಕಟ್ಟಿದೀನಿ. ವೇಷ ಎಲ್ಲ ಆಗಿದೆ, ನೆಟ್ ಒಂದು ಬರಬೇಕು...

...ಆಫ್ ಮಾಡಿ ತೆಗೀಬೇಕಾ? ರೀ, ಸ್ವಿಚ್ ಆರಿಸಿ! ಪ್ಲಗ್ಗೂ ಕೀಳಿ!... ನಮ್ಮನೆಯೋರು ಕಣೋ, ಥವಿಲ್. ಟಾರ್ಚ್ ಹಿಡ್ಕೊಂಡು ನಿಂತಿದಾರೆ. ರೀ, ಆ ಕೆಂಪು ಶರಬತ್ತಿನ ಬಾಟ್ಲಿ ಆ ಕಡೆ ಸರಿಸಿ, ಒಡೆಯರಿಗೆ ಇಟ್ಟಿದ್ದನ್ನ ಕಂಪ್ಯೂಟರ್ ಕುಡಿದುಬಿಟ್ಟೀತು!...

...ಬಿಚ್ಚಿದ್ವಿ. ಒಳಗೆಲ್ಲ ಬೂದಿ... ಊದುಬತ್ತಿ ಬೂದಿ ಕಣೋ, ಇನ್ಯಾವ ಬೂದಿ? ಫ್ಯಾನ್ ಎಳ್ಕೊಂಡಿದೆ... ಊದಿ ತೆಗೀಬೇಕಾ? ರೀ, ಊದಬೇಡಿ, ಒಂದು ಪೊಟ್ಟಣಕ್ಕೆ ಹಾಕಿಡಿ. ಕಂಪ್ಯೂಟರ್ ಒಳಗಿಂದ ಬಂದ ಬೂದಿ ಅಂದ್ರೆ ಜನ ಹಣೆಗೆ ಇಟ್ಕೋತಾರೆ...

...ಹಾಂ, ಕಾರ್ಡು ತೆಗೆದೆ. ಕೈಯಲ್ಲಿದೆ. ಹಲ್ಲಾ? ಕೆಳಗಡೆ ಚಿನ್ನದ ಬಣ್ಣದ ಹಲ್ಲು... ಹೂಂ, ಇದೆ. ತಂದಾಗಿನಕ್ಕಿಂತ ಈಗ ಚೆನ್ನಾಗಿ ಹೊಳೀತಿದೆ...

...ಹೇಗೆ ಅಂದ್ರೆ, ನಾನೇ ಚಿನ್ನದ ರೇಕು ಅಂಟಿಸಿದೀನಲ್ಲ... ಯಾಕೋ ಹಾಗೆ ಕಿರುಚ್ತೀಯಾ? ಹೊಸ ವಸ್ತು ಮನೆಗೆ ಬಂದ್ರೆ ಬಿಳಿ ಗಂಧ ಇಟ್ಟು ಚಿನ್ನದ ರೇಕು ಹಚ್ಚಲ್ವಾ? ನಿಮ್ಮ ಯಜಮಾನ್ರು ಹೊಸ ಗಾಡಿ ತಗೊಂಡಾಗ ಭಿಕ್ಷುಗಳ ಕೈಲಿ ಹಚ್ಚಿಸ್ಲಿಲ್ವಾ? ಗಾಡಿಗಾದ್ರೆ ಸರಿ, ಕಾರ್ಡಿಗಾದ್ರೆ ತಪ್ಪಾ? ಇದಕ್ಕೆ ಎಲ್ಲಿ ಹಚ್ಚೋದು ಅಂತ ತಿರುಗಿಸಿ ನೋಡ್ದೆ. ಹಲ್ಲಿನ ಹತ್ರ ಆಗಲೇ ಚಿನ್ನ ಇತ್ತು, ಮಧ್ಯೆ ಮಧ್ಯೆ ಸಂದು ಬಿಟ್ಟಿದ್ರು. ಕಂಪನಿಯೋರು ಎಂಥ ಜಿಪುಣರಪ್ಪ ಅಂದ್ಕೊಂಡು ಆ ಸಂದೆಲ್ಲ ನಾನೇ ತುಂಬಿಸ್ದೆ...

...ಸಂದು ಇರಲೇಬೇಕಾ?... ಒಂದು ಹಲ್ಲು ಇನ್ನೊಂದಕ್ಕೆ ತಾಕಲೇಬಾರದಾ?... ಹಾಗಿದ್ರೆ ಡಬ್ಬಿ ಮೇಲೆ ಬರೀಬೇಕಿತ್ತಪ್ಪ. ಒದ್ದೆ ಮಾಡಬೇಡಿ ಅಂತ ಬರೆದಿದಾರೆ, ಮಕ್ಕಳ ಕೈಗೆ ಕೊಡಬೇಡಿ ಅಂತ ಬರೆದಿದಾರೆ, ಚಿನ್ನ ಹಚ್ಚಬೇಡಿ ಅಂತ ಎಲ್ಲಿದೆ?...

...ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಉಜ್ಜಬೇಕಾ? ಏಯ್, ಅಂಟಿಸಿದ ಚಿನ್ನ ಕಿತ್ತರೆ ದೋಷ ಕಣೋ... ನೋಡು, ಕೀಳು ಅಂದೋನು ನೀನು. ಕ್ಷಮೆ ನೀನೇ ಕೇಳು. ಕೈ ಮುಗಿ. ಮುಗಿದ್ಯಾ?... ಅಂಗಡೀಲಿ ಗಿರಾಕಿ ಇದ್ರೆ ಏನೀಗ, ಅವರೂ ಮುಗೀಲಿ. ಹೂಂ, ಹೇಳು. ಒಡೆಯರೇ, ನಾನು ಕಪ್ಪೆ, ಗತಿಯಿಲ್ಲದೆ ಕೀಳಿಸ್ತಿದೀನಿ, ಹೊಟ್ಟೆಗೆ ಹಾಕ್ಕೊಳ್ಳಿ... ಜೋರಾಗಿ... ಹಾಂ, ಸಾಕು. ರೀ, ಉಜ್ಜಿ...

...ಮತ್ತೆ ಕೂರಿಸಿದ್ವಿ. ಟಕ್ ಅಂತು. ಸ್ಕ್ರೂ ಬಿಗೀತಿದಾರೆ... ಆಂಟೆನಾ ಎತ್ತರದಲ್ಲಿರಬೇಕಾ? ಎಷ್ಟು ಎತ್ತರ?... ಅದಾಗಲ್ಲ. ಡಬ್ಬ ಇರೋದು ಒಡೆಯರ ಪೀಠದ ಕೆಳಗೆ, ಅಲ್ಲೇ ಇರಬೇಕು. ಒಡೆಯರ ತಲೆಗಿಂತ ಮೇಲೆ ಏನೂ ಹೋಗೋ ಹಾಗಿಲ್ಲ... ಕೆಳಗಿದ್ರೆ ಸಿಗ್ನಲ್ ಸಿಗಲ್ವಾ? ಇರು, ಇರು, ಒಂದು ಉಪಾಯ ಇದೆ. ರೀ, ಮೊದಲು ಒಡೆಯರನ್ನ ಎತ್ತಿ! ಹೂಂ ರೀ, ಆ ಬಿಯರ್ ಬಾಟ್ಲಿ ಪೆಟ್ಟಿಗೆ ಇದೆಯಲ್ಲ, ಅದರ ಮೇಲೆ ಕೆಂಪು ಬಟ್ಟೆ ಹಾಸಿ ಕೂರಿಸಿ. ಮೆಲ್ಲಗೆ!... ಆಯ್ತಪ್ಪ, ಒಡೆಯರು ಮೇಲೆ ಹೋದ್ರು, ಅವರ ಹಿಂದೇನೇ ಡಬ್ಬ ಮೇಜಿನ ಮೇಲೆ ಬಂತು. ಅವರ ಮರ್ಯಾದೇನೂ ಉಳೀತು, ನಿನ್ನ ಆಂಟೆನಾನೂ ಎದ್ದು ನಿಂತ್ಕೊಳ್ತು. ಸ್ವಲ್ಪ ತಲೆ ಓಡಿಸಬೇಕು...

...ಆನ್ ಮಾಡಿದೆ. ಏನೋ ಬಂತು... ಹೊಸ ಸಾಧನ ಸಿಕ್ಕಿದೆ ಅಂತಿದೆ. ಸಿಕ್ತು ಕಣೋ! ರೀ, ಸಿಕ್ತಂತೆ!... ಆದ್ರೆ ಪಕ್ಕದಲ್ಲಿ ಒಂದು ಹಳದಿ ಗುರುತಿದೆ... ಡ್ರೈವರ್ ಇಲ್ವಾ? ಡ್ರೈವರ್ ಅಂದ್ರೆ?... ಹಾಂ... ಹಾಂ... ಅಂದ್ರೆ ಕಾರ್ಡು ಬರೀ ದೇಹ. ಅದರೊಳಗೆ ಡ್ರೈವರ್ ಬಂದು ಸೇರ್ಕೊಂಡ್ರೇನೇ ಅದು ಮಾತಾಡೋದು. ಹಾಗೆ ತಾನೆ?... ಅಯ್ಯೋ, ಮೊದಲೇ ಹೀಗೆ ಹೇಳಬಾರದಾ! ಕಾರ್ಡಿನ ಮೈಮೇಲೆ ಬರೋದು ಅನ್ನು. ಮದುವೆ ಆದಾಗಿಂದ ಅದೇ ಕೆಲಸ ಮಾಡ್ಕೊಂಡು ಬಂದಿದೀನಿ, ನಂಗೇ ಪಾಠ ಹೇಳ್ತೀಯಾ...

...ಸಿಡಿ ಹಾಕಿದೆ. ಮುಂದೆ. ಮತ್ತೆ ಮುಂದೆ. ಒಪ್ಪಿದ್ದೇನೆ... ಇಷ್ಟುದ್ದ ಬರೆದಿದಾರಲ್ಲ, ಓದಬೇಕಾ?... ಯಾರೂ ಓದಲ್ವಾ? ಹಾಗಾದ್ರೆ ನಮ್ಮ ಮಂತ್ರದ ಥರಾನೇ. ಒತ್ತಿದೆ. ಹಸಿರು ಪಟ್ಟಿ ಹೋಗ್ತಿದೆ, ಆಮೆ ಥರ...

...ಕಾಯೋದು ತಾನೆ, ಕಾಯ್ತೀನಿ... ಏನಂದೆ? ಒಡೆಯರು ಬಂದಾಗ ಹೇಗಿರುತ್ತೆ ಅಂತಾನಾ?... ರೀ, ನೀವು ಹೊರಗೆ ಹೋಗಿ ಜನಕ್ಕೆ ನೀರು ಕೊಡಿ... ಮೊದಲೆಲ್ಲ ಬೆನ್ನು ತಣ್ಣಗಾಗೋದು ತಮ್ಮಾ. ನಾಲಿಗೆ ನಂದಲ್ಲ ಅನ್ನಿಸೋದು. ಏನು ಮಾತಾಡಿದೆ ಅಂತ ಆಮೇಲೆ ಬೇರೆಯೋರು ಹೇಳಬೇಕಿತ್ತು. ಈಗ ಬೆನ್ನುನೋವು ಒಂದು ಬರುತ್ತೆ, ಅಷ್ಟೇ. ಈ ಸಲ ಮಳೆ ನಿಂತಾಗಿಂದ ಒಡೆಯರು ಬಂದೇ ಇಲ್ಲ. ನಾನೇ ಗಂಟಲು ದಪ್ಪ ಮಾಡ್ಕೊಂಡು ಏನೋ ಒದರ್ತೀನಿ. ಅವರೂ ಲಮ್ಯಾಯ್ ಮನೆಗೇ ಹೋಗಿಬಿಟ್ರಾ ಅಂತ ಹೆದರಿಕೆ ಆಗುತ್ತೆ ಕಣೋ. ನಿಜವಾಗ್ಲೂ ಹೆದರಿಕೆ. ಯಾರ ಹತ್ರಾನೂ ಬಾಯಿ ಬಿಡಬೇಡ...

...ನಗ್ತೀಯಾ? ಒಂದ್ಸಲ ಆಫ್ ಮಾಡಿ ಆನ್ ಮಾಡೋಕೆ ನಾನೇನು ಕಂಪ್ಯೂಟರಾ?...

...ಹಾಂ, ಮುಗೀತು. ಹೆಸರುಗಳ ಸಾಲು ಬಂತು. ನಮ್ಮದೂ ಇದೆ... ಅಯ್ಯಯ್ಯೋ, ಲಮ್ಯಾಯ್ ಮನೇದೂ ಇದೆಯಲ್ಲೋ! ಕಾಲುವೆ ದಾಟಿ ಅವಳ ಗಾಳಿ ನಮ್ಮ ಒಡೆಯರ ಕೋಣೆವರೆಗೂ ಬಂದಿದೆಯಾ? ಮತ್ತೆ ಒಡೆಯರು ದಾರಿ ತಪ್ಪದೇ ಇರ್ತಾರಾ?... ಹೂಂ, ಹೂಂ, ನಮ್ಮದನ್ನೇ ಒತ್ತಿದೆ. ಪಾಸ್‌ವರ್ಡ್ ನೀನೇ ಇಟ್ಟಿದ್ದು, ನೀನೇ ಹೇಳು... ಹಾಂ... ಹಾಂ... ಆಯ್ತು. ಉಂಗುರ ಸುತ್ತುತಿದೆ...

...ಬಂತಾ ಅಂತ ನನ್ನ ಕೇಳಿದ್ರೆ? ಬರೋದು ನಿನ್ನ ಕಡೆಯಿಂದ! ಎಷ್ಟು ಹೊತ್ತು ಕಾಯಿಸ್ತೀಯೋ? ಕಾಲು ಜೋಮು ಹಿಡೀತು, ಹೊರಗೆ ಜನ ಬಾಗಿಲು ಬಡೀತಿದಾರೆ. ಹೇಳಿದ್ದೆಲ್ಲ ಮಾಡಿದೆ, ಕೂರು ಅಂದ್ರೆ ಕೂತೆ, ಏಳು ಅಂದ್ರೆ ಎದ್ದೆ. ಬರೋದಿದ್ರೆ ಬರುತ್ತೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು! ಹೀಗೆ ಆಟ ಆಡಿಸಬೇಡ ನನ್ನ...

...ಎಲ್ಲಿ ಒತ್ತಬೇಕು? ಮೂಲೇಲಾ?... ಎಪ್ಪತ್ತೆರಡು... ಎಪ್ಪತ್ತೆರಡು ಅಂದೆ!... ಹೂಂ ಕಣೋ, ಏಳು, ಎರಡು! ಎಷ್ಟು ಸಲ ಹೇಳಿಸ್ತೀಯಾ ನನ್ನ ಬಾಯಲ್ಲಿ?...

...ಒಳ್ಳೇದಾ ಅದು? ಹಾಗಾದ್ರೆ ಬಂತಾ?... ಇನ್ನೊಂದು ಕಿಟಕೀನಾ? ಇರು... ಅರೆ, ನನ್ನ ಮುಖ ಇದೆಯಲ್ಲೋ ಇಲ್ಲಿ! ಮುಂಡಾಸು ಸೊಟ್ಟ ಆಗಿದೆ. ಪಕ್ಕದಲ್ಲಿ ಕೆಂಪು ಚುಕ್ಕೆ... ಏನಂದೆ?... ಎಲ್ಲಿ, ಮೈಕಿನ ಗುರುತಾ? ಒತ್ತಿದೆ. ಈಗ ನನ್ನ ದನಿ ಅವರಿಗೆ ಹೋಗಲ್ಲ ತಾನೆ?...

...ಅಯ್ಯೋ ಮುಂಡೇದೆ! ನೆಟ್ ಬಂದ ಕೂಡ್ಲೇ ಲೈವ್ ತಾನೇ ಶುರುವಾಗೋ ಹಾಗೆ ಇಟ್ಟು, ನಂಗೊಂದು ಮಾತು ಹೇಳಬಾರದಾ? ಯಾವಾಗಿಂದ ಕೇಳಿಸ್ತಿತ್ತು ಅವರಿಗೆ? ಬೆನ್ನುನೋವಿನ ವಿಷಯ?... ಅದಿಲ್ವಾ? ಪಾಸ್‌ವರ್ಡ್ ಆದ್ಮೇಲಿನದು ಮಾತ್ರಾನಾ? ಆಣೆ ಮಾಡು... ಆದ್ರೂ ಹೋಯ್ತು ಬಿಡು. ಒಡೆಯರ ಆಸನದಲ್ಲಿ ಕೂತು ಮೀನು ಮಾರೋಳ ಥರ ನಿನ್ನ ಬೈದಿದೀನಿ. ಏನು ಬರೀತಿದಾರೆ? ನಿನ್ನ ಫೋನಲ್ಲಿ ಕಾಣುತ್ತಲ್ಲ, ಓದು. ಉಗೀತಿದಾರಾ?...

...ಏನು?... ಒಡೆಯರನ್ನೇ ಹೋಗೋ ಬಾರೋ ಅಂತಾಳೆ, ಇಷ್ಟು ಸಲುಗೆ ಯಾರಿಗಿದೆ ಅಂತಾನಾ?... ಫೋನು ಅವರಿಗೆ ಕಾಣ್ಲಿಲ್ವಾ?... ನಿನ್ನ ದನಿ ಕೇಳ್ಲಿಲ್ಲ, ನಂದೊಂದೇ ಕೇಳ್ತು... ಅಂದ್ರೆ ನಾನು ಇಷ್ಟು ಹೊತ್ತೂ ಒಡೆಯರ ಜೊತೆ ಮಾತಾಡ್ತಿದ್ದೆ ಅಂತ ತಿಳ್ಕೊಂಡಿದಾರಾ? ಒಡೆಯರು ನೀನಾ? ನೀನಾ!...

...ಎಲ್ಲರೂ ಎಪ್ಪತ್ತೆರಡು ತಗೊಳ್ತಿದಾರಾ? ಆ ದಡಕ್ಕೆ ಹೋದೋರೂ ವಾಪಸ್ ಬಂದಿದಾರಾ?... ಯಾರು, ಲಮ್ಯಾಯೇ? ಅವಳೇ ಬರೆದಿದಾಳಾ? ಏನಂತ?... ಇನ್ನೊಂದು ಅಂಕಿ ಕೇಳಿ ಹೇಳಕ್ಕ ಅಂತಾನಾ!...

...ಹೇಳು ಮತ್ತೆ. ಯಾವುದಾದ್ರೂ ಒಂದಂಕಿ ಹೇಳಿಬಿಡು, ಓದಿದೋನು ನೀನು... ನಾನು ಹೇಳಬೇಕಾ? ಯಾಕೆ?... ನೀನೂ ಎಪ್ಪತ್ತೆರಡು ತಗೊಂಡ್ಯಾ? ಥೂ ನಿನ್ನ! ಅದು ವೈಫೈ ವೇಗ ಕಣೋ! ನೀನೇ ತಾನೆ ಓದಿಸಿದ್ದು!...

...ಫೋನ್ ಇಡಬೇಡ, ಇಡಬೇಡ! ಗಿರಾಕಿ ಕಾಯ್ಲಿ. ನೀನು ಏನೂ ಹೇಳದಿದ್ರೂ ಪರವಾಗಿಲ್ಲ, ಸುಮ್ನೆ ಹೂಂ ಅಂತಿರು. ಎಷ್ಟೋ ದಿನ ಆದ್ಮೇಲೆ ಕಿವೀಲಿ ಒಂದು ದನಿ ಇದೆ ತಮ್ಮಾ, ಅದೆಷ್ಟು ಧೈರ್ಯ ಆಗಿದೆ ಗೊತ್ತಾ ನಂಗೆ?... ಮೈಕ್ ಒತ್ತುತೀನಿ ಈಗ. ಇನ್ಮೇಲೆ ತಾವು ಅಂತೀನಿ, ನಗಬೇಡ...

...ಒಡೆಯಾ... ಮಕ್ಕಳು ಕಾಯ್ತಿದಾರೆ ಒಡೆಯಾ... ಏಳು ಕೊಟ್ರಿ, ಎರಡು ಕೊಟ್ರಿ... ಇನ್ನೊಂದು ಅಪ್ಪಣೆ ಆಗಬೇಕು... ಹಾಂ?... ಸರಿಯಾಗಿ ಕೇಳಿಸ್ತಿಲ್ಲ... ಚಾರ್ಜು?... ತಮ್ಮ ಚಾರ್ಜು ಮುಗೀತಿದೆಯಾ?... ಬೇಡ ಒಡೆಯಾ, ಈಗ ಬೇಡ... ಇನ್ನೊಂದೇ ನಿಮಿಷ ಇರಿ...

...ಹಲೋ?... ಒಡೆಯಾ?... ಇದ್ದೀರಾ?... ಹಲೋ... ಆ ಕಡೆ ಯಾರಾದ್ರೂ ಇದ್ದೀರಾ?...