ಬಣವಿಯ ಧೂಳು

ನವನಗರದ ದವಾಖಾನೆಯಲ್ಲಿ ಸಂಗವ್ವ ಸಕ್ಕರೆ ಕಾಯಿಲೆ ತೋರಿಸಲು ಬಂದು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದಳು. ಪಕ್ಕದಲ್ಲಿ ಹುನಗುಂದ ಕಡೆಯ ಅತ್ತೆ ಸೊಸೆ ಕೂತಿದ್ದರು. ಅವರು ದನಿ ತಗ್ಗಿಸಿಯೇ ಮಾತಾಡುತ್ತಿದ್ದರು, ಆದರೂ ಎಲ್ಲ ಕೇಳುತ್ತಿತ್ತು.

“ರಾಜಶ್ರೀ, ನಮ್ಮ ಹಣಮೇಶನ ಎದಿಯಾಗ ಬೂಷ್ಟ ಬೆಳದಿರಬೇಕು ಅಂದ್ರಲ್ಲ ಡಾಕ್ಟರ್. ರೊಟ್ಟಿಗೆ ಹಿಡಿಯೂವಂಥಾದ್ದು ಮನಷ್ಯಾಗ ಹೆಂಗ ಹಿಡೀತೈತಿ?”

“ಕಿಡ್ನಿ ಹಾಕಿದಮ್ಯಾಗ ಗುಳಿಗಿ ತೊಗೋತಾರಲ್ರಿ ಅತ್ತಿ, ಅದಕ್ಕ ಮೈಯಾಗ ತಡಕೊಳ್ಳೂ ಶಕ್ತಿ ಇರೂದಿಲ್ಲಂತ.”

“ನಾ ಕೊಟ್ಟ ಕಿಡ್ನಿ ಚಲೋ ಐತಿಲ್ಲೋ?”

“ಅದು ಚಲೋನ ಐತ್ರಿ.”

“ಮತ್ತ ಧೂಳು ಗೀಳಿನಾಗ ಹೋಗಿದ್ನೇನು ಅಂತ ಡಾಕ್ಟರ್ ಕೇಳಿದಾಗ ಯಾಕ ತಡವರಿಸಿದಿ?”

ಸೊಸೆ ಊಟದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು.

“ಇಲ್ಲ ಅಂದ್ಬಿಟ್ಟೆ. ಖರೆ ಅಂದ್ರ, ನೀವು ಬದಾಮಿಗೆ ಹೋದಾಗ ಎಮ್ಮಿಗೆ ಹಾಕಾಕ ಅವರು ಮಳಿಗೆ ನೆಂದು ಬೂಷ್ಟ ಹಿಡದಿದ್ದ ಬಣವಿಯಿಂದ ಕಣಕಿ ಹಿರದ್ರು. ಬೂದಿಯಂಗ ಧೂಳ ಎದ್ದಿತ್ತು. ನಾನ ಕಳಿಸಿದ್ದೆರಿ.”

“ಅಯ್ಯ ನನ್ನವ್ವ! ಟೀಬಿನೋ ಬೂಷ್ಟೋ ಗೊತ್ತಾಗವಲ್ದು, ಔಷಧ ತಡಾ ಆದ್ರ ಜೀವಕ್ಕ ಕಷ್ಟ ಅಂತ ಡಾಕ್ಟರ್ ಅನ್ನಾಕತ್ತಾರ. ನೀ ಇದನ್ನ ಮುಚ್ಚಿಟ್ಟಿ?”

“ನೀವು ಬಾಜೂಕನ ನಿಂತಿದ್ರಿ. ಬೈತೀರಿ ಅಂತ ಅಂಜಿದೆ.”

“ಹಣಮೇಶನ ಕಡೆಯವರು ಬರ್ರಿ!” ನರ್ಸ್ ಬಾಗಿಲಲ್ಲಿ ಕೂಗಿದಳು.

“ಏಳು. ಒಳಗ ಹೋಗಿ ಎಲ್ಲಾ ಹೇಳು.”

“ಬೈಯೂದಿಲ್ಲೇನ್ರಿ?”

“ಬೈತೇನಿ. ಅಂವ ಮನಿಗೆ ಬರ್ಲಿ, ಅಂವನ ಮುಂದ ದಿನಾ ಬೈತೇನಿ.”

ಅತ್ತೆಯೇ ಸೊಸೆಯ ರಟ್ಟೆ ಹಿಡಿದು ಲಗುಬಗೆಯಿಂದ ಒಳಗೆ ನಡೆದಳು. ಊಟದ ಡಬ್ಬಿ ಸಂಗವ್ವನ ಪಕ್ಕದಲ್ಲೇ ಉಳಿಯಿತು.