ಆಟದಲ್ಲಿ ಸಾಯದ ಅಪ್ಪ

ಬಾಗ್ದಾದಿನ ಕರಾದಾ ಬಡಾವಣೆಯಲ್ಲಿ ಸಮೂನ್ ರೊಟ್ಟಿಗೆ ಸಾಲು ನಿಂತಿದ್ದೆವು. ನನ್ನ ಮುಂದೆ ಒಬ್ಬ ಅಣ್ಣ, ಅವನ ತಂಗಿ. ತಂಗಿ ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಸರ್ಮದಣ್ಣ, ಚಿಕ್ಕೋರಿದ್ದಾಗ ನಾವು ಕಂಪ್ಯೂಟರಲ್ಲಿ ಆಡ್ತಿದ್ದ ಆಟ ಈಗ ಟೀವಿ ಧಾರಾವಾಹಿ ಆಗಿದೆ. ಸಮುದ್ರ ಬತ್ತಿದ ಮೇಲೆ ಹಡಗಲ್ಲೇ ಬದುಕೋ ಜನ, ಅದೇ."

"ಹೆಂಗಿದೆ ರಫೀಫ್?"

"ಆಟದಲ್ಲಿದ್ದ ಅದೇ ತುಕ್ಕು ಬಾಗಿಲ ಸದ್ದು ಕೇಳಿ ಅಳುನೇ ಬಂತು. ಆದ್ರೆ ಕಥೇಲಿರೋ ಅಪ್ಪ ಮೊದಲ ಕಂತಲ್ಲೇ ಸತ್ತುಹೋದ. ಆಟದಲ್ಲಿ ನೀರು ತರೋಕೆ ಹೋಗಿದ್ನಲ್ಲ?"

"ಆಟದಲ್ಲೂ ಸಾಯ್ತಾನೆ ಕಣೇ."

"ಸುಳ್ಳುಬುರುಕ! ತೆರೆ ಮೇಲೆ ಬರೋ ಇಂಗ್ಲಿಷ್ ಓದಿ ಓದಿ ನೀನೇ ತಾನೆ ಹೇಳ್ತಿದ್ದೆ?"

"ಹನ್ನೆರಡು ವರ್ಷಕ್ಕೆ ನಂಗೆಲ್ಲಿ ಇಂಗ್ಲಿಷ್? ಮುಕ್ಕಾಲು ಪಾಲು ಬುರುಡೆ. ಅಪ್ಪ ಸತ್ತಿದ್ದು ಮಾತ್ರ ಚೆನ್ನಾಗಿ ಅರ್ಥ ಆಗಿತ್ತು."

"ಮತ್ಯಾಕೆ ಹಾಗೆ ಹೇಳ್ದೆ?"

"ಆ ವಾರವೇ ತಾನೆ ನಮ್ಮ ಸ್ವಂತ ಅಪ್ಪ, ಬಾಬಾ, ಕೆಲಸಕ್ಕೆ ಹೋದೋರು ವಾಪಸ್ ಬರದೇ ಇದ್ದಿದ್ದು. ನೀನು ಆರು ವರ್ಷದೋಳು. ಇನ್ನೇನು ಹೇಳ್ಲಿ?"

ಸಾಲು ಸ್ವಲ್ಪ ಮುಂದೆ ಸರಿಯಿತು.

"ಜನರೇಟರ್ ನಿಂತು ಆಟ ಆರಿಹೋದಾಗಲೆಲ್ಲ, ಅಪ್ಪ ದಾರೀಲಿದ್ದಾನೆ, ಇನ್ನೇನು ಬಂದ ಅಂತ ನೀನು ಹೇಳ್ತಿದ್ದೆ. ನಾನು ನಂಬ್ತಿದ್ದೆ."

"ನೀನು ನಂಬ್ತಿದ್ದೆ ಅಂತ ನಂಗೂ ಒಂಚೂರು ನಂಬಿಕೆ ಬರ್ತಿತ್ತು."

ಅವರ ಸರದಿ ಬಂತು. ರಫೀಫ್ ರೊಟ್ಟಿಯ ಚೀಲ ತೆಗೆದುಕೊಂಡಳು.

"ಸಂಜೆ ಎರಡನೇ ಕಂತಿದೆ, ಮನೆಗೆ ಬಾ. ತೆರೆ ಕೆಳಗೆ ಬರೋ ಅರಬ್ಬಿ ಅನುವಾದದ ಸಾಲುಗಳನ್ನ ತೆಗೆದುಬಿಡ್ತೀನಿ. ನೀನೇ ಕಥೆ ಹೇಳು."

"ಈಗ ನಿಂಗೇ ಇಂಗ್ಲಿಷ್ ಬರುತ್ತಲ್ಲೇ."

"ಧ್ವನಿನೂ ನಿಲ್ಲಿಸ್ತೀನಿ," ಎಂದು ಅವನ ತೋಳು ಹಿಡಿದು ಹೊರಟಳು.