ಎರಡು ಬೆರಳು ಬಟ್ಟೆ

ಡಾಕ್ಟರ ಕೋಣೆಯ ಹೊರಗೆ ಸರದಿಗೆ ಕಾಯುತ್ತಿದ್ದ ಮೇಷ್ಟ್ರ ಕಣ್ಣು ಪತ್ರಿಕೆಯ ಮೇಲಿತ್ತು, ಕಿವಿ ಮಾತ್ರ ಪಕ್ಕದ ಬೆಂಚಿನ ಅಕ್ಕತಂಗಿಯರ ಕಡೆಗೆ. ತಂಗಿ ದರ್ಜಿ.

“ಐವತ್ತು ಕಿಲೋ ಇಳಿಸಿದ್ದು ಸಾಲ್ದಾ? ಜೋತುಬಿದ್ದ ಚರ್ಮಕ್ಕೂ ಕತ್ತರಿ ಹಾಕಿಸ್ಬೇಕಾ?”

“ಮೆಷಿನ್ ಮುಂದೆ ಕೂತ್ರೆ ಹೊಟ್ಟೆ ಮಡಚಿ ತೊಡೆ ಮೇಲೆ ಬೀಳುತ್ತೆ ಅಕ್ಕ. ಯಾರದೋ ಅಂಗಿ ತೊಟ್ಟ ಹಾಗಿದೆ.”

“ಮತ್ತೆ ದಪ್ಪ ಆದ್ರೆ? ಎಲ್ಲರ ಅಂಗಿಗೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲೀತೀಯಲ್ಲ, ಡಾಕ್ಟರಿಗೂ ಸ್ವಲ್ಪ ಬಿಡೋಕೆ ಹೇಳು.”

“ನಿನ್ನ ರವಿಕೆ ಎಷ್ಟು ಸಲ ಬಿಚ್ಚಿ ಸಡಿಲ ಮಾಡಿದೀನಿ?”

“…ಮೂರು.”

“ನೋಡಿದ್ಯಾ? ಜಾಗ ಇದೆ ಅಂತ ಗೊತ್ತಾದ್ರೆ ಮೈ ತುಂಬ್ಕೊಂಡೇ ಬಿಡುತ್ತೆ. ನಂಗೆ ನನ್ನದೇ ಭಯ.”

ನರ್ಸ್ ತಂಗಿಯನ್ನು ಒಳಗೆ ಕರೆದಳು. ತಂಗಿಯ ಚೀಲವನ್ನೂ ಅಕ್ಕ ತಾನೇ ಎತ್ತಿಕೊಂಡು ಎದ್ದಳು.

“ನಡಿ. ಡಾಕ್ಟರ ಹೊಲಿಗೆ ಸೊಟ್ಟ ಆದ್ರೆ, ನೀನು ಬಿಟ್ರೂ ನಾನು ಬಿಡಲ್ಲ.”